ಗುರುತಿಲ್ಲದ ಮೀನು



ನಿಮ್ಮ ಅಡುಗೆಮನೆಗೆ ಬಂದ ಮೀನಿನ ಗುರುತು ನಿಮಗೆ ಸಿಗದಿದ್ದರೆ ನೀವೇನು ಮಾಡುತ್ತೀರಿ? ಪಕ್ಕದ ಮನೆಯವರನ್ನು ಕೇಳುತ್ತೀರಾ, ಮೊಬೈಲಿನಲ್ಲಿ ಹುಡುಕುತ್ತೀರಾ, ಇಲ್ಲವೇ 'ಮೀನು ತಾನೇ' ಎಂದು ಖಾರ ಅರೆಯಲು ಕೂರುತ್ತೀರಾ? ನಾನು ಏನು ಮಾಡಿದೆ ಎಂಬುದನ್ನು ಈ ತಿಂಗಳು ನಿಮಗೆ ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದೆ ಇದ್ದರೆ ತಪ್ಪಾದೀತು.

ನಮ್ಮ ಮಾಗೋಡು ಇರುವುದು ಯಲ್ಲಾಪುರ ತಾಲೂಕಿನಲ್ಲಿ, ಘಟ್ಟದ ಮೇಲೆ. ಊರಿನ ಹೆಸರು ಹೇಳಿದರೆ ಸಾಕು, ಜನ ಜಲಪಾತವನ್ನು ನೆನೆಯುತ್ತಾರೆ. ಬೇಡ್ತಿ ಹೊಳೆ ಇಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ಮುಂದೆ ಗಂಗಾವಳಿ ಎಂಬ ಹೆಸರು ಪಡೆದು ಅಂಕೋಲೆ ತಾಲೂಕನ್ನು ದಾಟಿ ಕಡಲು ಸೇರುತ್ತದೆ. ನೀರು ಇಲ್ಲಿಂದ ಕಡಲಿಗೆ ಇಳಿದರೆ, ಮೀನು ಕಡಲಿನಿಂದ ಅರಬೈಲು ಘಟ್ಟ ಹತ್ತಿ ನಮ್ಮಲ್ಲಿಗೆ ಬರುತ್ತದೆ. ಬಂಗುಡೆ, ತಾರ್ಲೆ, ನೊಗ್ಲಿ, ಹಬ್ಬಕ್ಕೋ ನೆಂಟರು ಬಂದಾಗಲೋ ಒಂದು ತುಂಡು ಇಸ್ವಾಣ. ನಮಗೆ ಗೊತ್ತಿರುವ ಕಡಲ ಮೀನುಗಳೆಂದರೆ ಇಷ್ಟೇ. ಹೊಳೆಯ ಮೀನಾದರೆ ಕಣ್ಣು ಮುಚ್ಚಿ ಹೇಳಬಲ್ಲೆವು. ಕಡಲಿನ ವಿಷಯದಲ್ಲಿ ನಾವು ಒಂದನೇ ತರಗತಿಯ ಮಕ್ಕಳು.

ನನ್ನ ಅಕ್ಕನನ್ನು ಕೊಟ್ಟಿರುವುದು ಭಟ್ಕಳಕ್ಕೆ. ಅವಳ ಮಗ ದುಬೈಯಲ್ಲಿ ಕೆಲಸ ಮಾಡುತ್ತಾನೆ. ಕಳೆದ ಚಳಿಗಾಲದ ರಜೆಯಲ್ಲಿ ಬಂದವನು ಗೆಳೆಯರ ಜೊತೆ ಮುರ್ಡೇಶ್ವರದಿಂದ ದೋಣಿ ಮಾಡಿಕೊಂಡು ನೇತ್ರಾಣಿ ದ್ವೀಪದ ದಿಕ್ಕಿನಲ್ಲಿ ಗಾಳ ಹಾಕಲು ಹೋಗಿದ್ದ. ಹೊಟ್ಟೆಪಾಡಿಗಾಗಿ ಅಲ್ಲ, ಶೋಕಿಗೆ. ಅಲ್ಲಿ ಗಲ್ಫ್‌ನಲ್ಲಿಯೂ ಶುಕ್ರವಾರ ಬಂತೆಂದರೆ ಗಾಳ ಹಿಡಿದು ಸಮುದ್ರಕ್ಕೆ ಹೋಗುವ ಅಭ್ಯಾಸವಂತೆ. ಮರುದಿನ ಅಜ್ಜಿಯನ್ನು ನೋಡಲೆಂದು ನಮ್ಮಲ್ಲಿಗೆ ಬಂದ. ಕಾರಿನ ಡಿಕ್ಕಿಯಲ್ಲಿ ಮಂಜುಗಡ್ಡೆ ತುಂಬಿದ ಒಂದು ಪೆಟ್ಟಿಗೆ. "ಖಾಲಾ, ನಾನೇ ಹಿಡಿದದ್ದು, ನೋಡಿ" ಎಂದು ಮಕ್ಕಳ ಹಾಗೆ ಸಂತೋಷದಿಂದ ಮುಚ್ಚಳ ತೆಗೆದ.

ಒಳಗೆ ನಾಲ್ಕು ಮೀನುಗಳಿದ್ದವು. ಮೂರು ಒಂದೇ ಜಾತಿಯವು. ಅಂಗೈಗಿಂತ ದೊಡ್ಡವು, ಚಪ್ಪಟೆ ಮೈ, ಕಪ್ಪೋ ನೀಲಿಯೋ ಎಂದು ಹೇಳಲಾಗದ ಗಾಢ ಬಣ್ಣ. ಬಾಲದ ಎರಡೂ ತುದಿಗಳು ದಾರದಂತೆ ಉದ್ದ. ಬಾಯಿ ಚಿಕ್ಕದು, ಅದರಲ್ಲಿ ಎಲೆ ಅಡಿಕೆ ಜಗಿದವರ ಹಾಗೆ ಕೆಂಪು ಹಲ್ಲು! ನಾಲ್ಕನೆಯದು ಬೇರೆ. ಬೆನ್ನು ಹಸಿರು ಬೆರೆತ ಬೂದು ಬಣ್ಣ, ಬದಿ ಬೆಳ್ಳಿ, ಹೊಟ್ಟೆ ಬಿಳಿ. ಹುರುಪೆಯೇ ಇಲ್ಲ, ಮೈ ನುಣುಪು.

ನನ್ನ ಅಮ್ಮಿಗೆ ಎಂಬತ್ತರ ಹತ್ತಿರ. ಕನ್ನಡಕ ಸರಿಮಾಡಿಕೊಂಡು ನೋಡಿ, "ಇದನ್ನು ನನ್ನ ಪಾತ್ರೆಗೆ ಹಾಕಬೇಡ" ಎಂದು ಹೇಳಿ ಒಳಗೆ ಹೋಗಿಬಿಟ್ಟರು. ಯಾಕೆ ಎಂದರೆ, "ನನ್ನ ಅಮ್ಮ ಮಾಡಿದ್ದಲ್ಲ, ನಾನು ಮಾಡಿದ್ದಲ್ಲ, ಅಷ್ಟೇ" ಎಂಬ ಉತ್ತರ. ನಾನು ಓದಿದವಳು ನೋಡಿ. ಮದ್ರಸದಲ್ಲಿ ಕಲಿತೆ, ಆಮೇಲೆ ಬಿ.ಎ. ಮಾಡಿದೆ, ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ. ಅಮ್ಮಿಯ ಮಾತು ನನಗೆ ಹಳೇ ಕಾಲದ ಅಂಜಿಕೆಯಂತೆ ಕಂಡಿತು. ಮನೆಯ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ನಮಗೆ ನೆಟ್‌ವರ್ಕ್ ಸಿಗುತ್ತದೆ. ಅಲ್ಲಿ ನಿಂತು ಹುಡುಗ ಕಪ್ಪು ಮೀನಿನ ಫೋಟೊ ತೆಗೆದು ಹುಡುಕಿದ. ಮೊದಲ ಸಲ ಒಂದು ಹೆಸರು ಬಂತು, ಎರಡನೇ ಸಲ ಇನ್ನೊಂದು. ಎರಡರ ಕೆಳಗೂ 'ತಿನ್ನಬಹುದು' ಎಂದಿತ್ತು. ನಾನು ಅಷ್ಟಕ್ಕೇ ತೃಪ್ತಳಾದೆ. ನಾಲ್ಕನೆಯ ಮೀನಿನ ಫೋಟೊ ತೆಗೆಯಲೇ ಇಲ್ಲ. ಒಂದೇ ಪೆಟ್ಟಿಗೆಯಲ್ಲಿ ಬಂದವು, ಒಂದು ತಿನ್ನುವಂಥದ್ದಾದರೆ ಇನ್ನೊಂದೂ ಹಾಗೆಯೇ ಇರಬೇಕು ಎಂದುಕೊಂಡೆ.

ಸಹೋದರಿಯರೇ, ನನ್ನ ತಪ್ಪು ಇನ್ನು ಮುಂದಿದೆ. ಅಮ್ಮಿ ಬೇಡವೆಂದ ಮೇಲೆ ಎಲ್ಲವನ್ನೂ ಮಾಡುವುದು ಬೇಡ ಎನಿಸಿತು. ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸು ಆಗ ತಾನೇ ಅಂಗಳ ಗುಡಿಸಿ ಮುಗಿಸಿದ್ದಳು. ಮೂವರು ಮಕ್ಕಳ ತಾಯಿ. ಆ ನುಣುಪು ಮೀನನ್ನು ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟೆ. "ಹುರುಪೆ ಇಲ್ಲ, ಕೊಯ್ಯಲು ಸುಲಭ, ಮಕ್ಕಳಿಗೆ ಮಾಡಿಕೊಡು" ಎಂದೆ. ಅವಳು ಸಂತೋಷದಿಂದ ಹೋದಳು. ನನಗೂ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನ.

ಅರ್ಧ ಗಂಟೆಯಾಗಿರಬಹುದು. ಅಂಕೋಲೆ ಕಡೆಯಿಂದ ವಾರಕ್ಕೆರಡು ಸಲ ಬರುವ ಮೀನಿನ ಟೆಂಪೊ ರಸ್ತೆಯಲ್ಲಿ ಹಾರ್ನ್ ಹಾಕಿತು. ಅದರ ಜೊತೆ ಒಬ್ಬ ವಯಸ್ಸಾದ ಹೆಂಗಸು ಬರುತ್ತಾರೆ. ತೂಕ ಮಾಡುವುದು, ಕೊಯ್ದು ಕೊಡುವುದು ಎಲ್ಲ ಅವರೇ. ತಮಾಷೆಗೆಂದು ಪೆಟ್ಟಿಗೆಯನ್ನು ಅವರ ಮುಂದೆ ಇಟ್ಟೆ. ಒಂದು ಕ್ಷಣವೂ ಯೋಚಿಸಲಿಲ್ಲ.

"ಇದು ಕಾರ್ಗಿಲ್ ಮೀನಲ್ದಾ ಅಕ್ಕೋರೆ? ಬೋಟಿನವ್ರಿಗೆ ರಾಶಿ ಸಿಗ್ತದೆ. ದಪ್ಪ ಚರ್ಮ, ಸುಲಿದು ತಿನ್ನೋರು ತಿಂತ್ರು."

"ಇದರ ಜೊತೆ ಇನ್ನೊಂದು ಬಂದಿತ್ತು ಅಜ್ಜಿ, ನುಣುಪು ಮೈಯದು" ಎಂದೆ. ಪಕ್ಕದಲ್ಲಿದ್ದ ಹುಡುಗ ನಕ್ಕು, "ಅದನ್ನು ಮೇಲೆತ್ತಿದಾಗ ಬಲೂನಿನ ಹಾಗೆ ಉಬ್ಬಿತ್ತು ಖಾಲಾ, ನಾವೆಲ್ಲ ವಿಡಿಯೊ ಮಾಡಿದೆವು" ಎಂದ. ಅಜ್ಜಿಯ ಮುಖ ಬದಲಾಯಿತು. ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕೇಳಿದರು: "ಉಬ್ಬಿತ್ತಾ? ಎಲ್ಲುಂಟು ಅದು? ಬೆಕ್ಕಿಗೂ ಹಾಕ್ಬೇಡಿ ಅಕ್ಕೋರೆ!"

ನಾನು ಹೇಗೆ ಓಡಿದೆ ಎಂದು ನನಗೇ ಗೊತ್ತಿಲ್ಲ. ಚಪ್ಪಲಿ ಇರಲಿಲ್ಲ. ತೋಟದ ಏರಿ ದಾಟಿ ಅವಳ ಮನೆ ಮುಟ್ಟುವಾಗ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಅನ್ನದ ಪಾತ್ರೆ. ಮೀನು ಮಾತ್ರ ಹೊರಗೆ ಕಲ್ಲಿನ ಮೇಲೆ ಪೇಪರಿನ ಸಮೇತ ಹಾಗೆಯೇ ಇತ್ತು. ಅವಳು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಹಲ್ಲು ಗಿಳಿ ಕೊಕ್ಕಿನ ಹಾಗೆ ಉಂಟು ಅಕ್ಕೋರೆ. ಇಂಥದ್ದು ನೋಡಿದ್ದೇ ಇಲ್ಲ. ನಿಮ್ಮನ್ನ ಇನ್ನೊಂದು ಸಲ ಕೇಳಿ ಮಾಡುವಾ ಅಂತ ಇಟ್ಟೆ."

ನನ್ನನ್ನು ಕೇಳಿ! ಅವಳು ಕೇಳಲು ಬಂದಿದ್ದರೆ ನಾನೇನು ಹೇಳುತ್ತಿದ್ದೆ? 'ಹೆದರಬೇಡ, ಮೊಬೈಲಿನಲ್ಲಿ ನೋಡಿದ್ದೇವೆ, ಮಾಡು' ಎನ್ನುತ್ತಿದ್ದೆ. ಅಲ್ಲಾಹನು ಕಾಪಾಡಿದ. ಆ ದಿನ ಆ ಮೀನನ್ನು ಆಳವಾದ ಗುಂಡಿ ತೋಡಿ ಹೂತೆವು.

ಆಮೇಲೆ ನಾನು ಸುಮ್ಮನಿರಲಿಲ್ಲ. ಎರಡೂ ಮೀನುಗಳ ಬಗ್ಗೆ ಓದಿದೆ, ಬಲ್ಲವರನ್ನು ಕೇಳಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ಆ ಕೆಂಪು ಹಲ್ಲಿನ ಮೀನು. ಇಂಗ್ಲಿಷಿನವರು ಇದರ ಬಳಗವನ್ನು ಟ್ರಿಗರ್ ಫಿಶ್ ಎನ್ನುತ್ತಾರೆ. ಬೆನ್ನಿನ ಮೇಲೆ ಒಂದು ಗಟ್ಟಿ ಮುಳ್ಳಿದೆ. ಅಪಾಯ ಬಂದಾಗ ಇದು ಬಂಡೆಯ ಸಂದಿಗೆ ನುಗ್ಗಿ ಆ ಮುಳ್ಳನ್ನು ಎತ್ತಿ ಅಗುಳಿ ಹಾಕಿದ ಹಾಗೆ ನಿಲ್ಲಿಸಿಕೊಳ್ಳುತ್ತದೆ. ಆಗ ಯಾರೂ ಅದನ್ನು ಎಳೆಯಲಾರರು. ಹಿಂದಿನ ಚಿಕ್ಕ ಮುಳ್ಳನ್ನು ಬಂದೂಕಿನ ಕುದುರೆಯಂತೆ ಒತ್ತಿದರೆ ಮಾತ್ರ ದೊಡ್ಡ ಮುಳ್ಳು ಮಡಚಿಕೊಳ್ಳುತ್ತದೆ. ಹೆಸರು ಬಂದದ್ದು ಅದರಿಂದ. ವಿಜ್ಞಾನದಲ್ಲಿ ಇದು ಓಡೋನಸ್ ನೈಗರ್. ಕೆಂಪು ಸಮುದ್ರದ ಮೀನುಗಳನ್ನು ಅಧ್ಯಯನ ಮಾಡಿದ ಜರ್ಮನಿಯ ರೂಪೆಲ್ 1836ರಲ್ಲಿ ಇದನ್ನು ವಿವರಿಸಿದ. ಅರಬಿಗಳ ಕಡಲಿನಲ್ಲಿಯೂ ನಮ್ಮ ಕಡಲಿನಲ್ಲಿಯೂ ಇರುವ ಮೀನು.

ಹಾಗಾದರೆ ಕಾರ್ಗಿಲ್ ಎಂಬ ಹೆಸರು? ನಮ್ಮ ಕರಾವಳಿಯ ಬಲೆಗಳಿಗೆ ಈ ಮೀನು ಹಿಂದೆಲ್ಲ ಇಷ್ಟೊಂದು ಬೀಳುತ್ತಿರಲಿಲ್ಲವಂತೆ. 1999ರ ಕಾರ್ಗಿಲ್ ಯುದ್ಧದ ಆಸುಪಾಸಿನಲ್ಲಿ ರಾಶಿ ರಾಶಿಯಾಗಿ ಬರತೊಡಗಿತು, ಹೆಸರು ಗೊತ್ತಿಲ್ಲದ ಜನ ಆಗಿನ ಸುದ್ದಿಯ ಹೆಸರನ್ನೇ ಅದಕ್ಕೆ ಇಟ್ಟರು ಎಂದು ಮೀನುಗಾರರು ಹೇಳುತ್ತಾರೆ. ಒಂದು ಯುದ್ಧದ ಹೆಸರು ಒಂದು ಮೀನಿಗೆ! ಬಂಗುಡೆಯ ಆಸೆಗೆ ಬಲೆ ಬೀಸಿದವನಿಗೆ ಇದು ಸಿಕ್ಕರೆ ಬೇಸರವೇ. ಪೇಟೆಯಲ್ಲಿ ಕೊಳ್ಳುವವರು ಕಡಿಮೆ. ಹೆಚ್ಚಿನದು ಕಡಿಮೆ ಬೆಲೆಗೆ ಮೀನಿನ ಹುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಕೇರಳದಲ್ಲಿ ಈ ಬಳಗದ ಮೀನನ್ನು ಕ್ಲಾತಿ ಎಂದು ಕರೆದು, ತೊಗಲಿನಂತಹ ಚರ್ಮ ಸುಲಿದು ಸಾರು ಮಾಡುತ್ತಾರೆ. ಮಾಂಸ ಬಿಳಿ.

ಇನ್ನು ಆ ನಾಲ್ಕನೆಯದು. ಇಂಗ್ಲಿಷಿನಲ್ಲಿ ಪಫರ್ ಫಿಶ್, ನಾವು ಉಬ್ಬುವ ಮೀನು ಎನ್ನೋಣ. ಹೆದರಿದಾಗ ನೀರನ್ನೋ ಗಾಳಿಯನ್ನೋ ನುಂಗಿ ಚೆಂಡಿನಂತೆ ಊದಿಕೊಳ್ಳುತ್ತದೆ. ಹಲ್ಲುಗಳು ಒಂದಕ್ಕೊಂದು ಕೂಡಿ ಮೇಲೆ ಎರಡು, ಕೆಳಗೆ ಎರಡು ಫಲಕಗಳಾಗಿ ಕೊಕ್ಕಿನಂತೆ ಕಾಣುತ್ತವೆ. ಹೊಟ್ಟೆಯ ಕೆಳಗೆ ಬೇರೆ ಮೀನುಗಳಿಗೆ ಇರುವ ಜೋಡಿ ಈಜುರೆಕ್ಕೆ ಇದಕ್ಕಿಲ್ಲ. ಈ ಬಳಗದ ಬಹಳಷ್ಟು ಮೀನುಗಳ ಪಿತ್ತಕೋಶದ ಪಕ್ಕದ ಯಕೃತ್ತು, ಮೊಟ್ಟೆ, ಕರುಳು, ಚರ್ಮಗಳಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಕೆಲವು ಜಾತಿಗಳಲ್ಲಿ ಮಾಂಸದಲ್ಲಿಯೂ ಇರುತ್ತದೆ. ಕುದಿಸಿದರೆ, ಹುರಿದರೆ, ಹುಳಿ ಹಾಕಿದರೆ ಅದು ಹೋಗುವುದಿಲ್ಲ. ತಿಂದ ಕೆಲವೇ ಹೊತ್ತಿನಲ್ಲಿ ತುಟಿ, ನಾಲಿಗೆ ಜುಮುಗುಡುತ್ತವೆ. ಆಮೇಲೆ ಕೈಕಾಲು ಬಲ ಕಳೆದುಕೊಳ್ಳುತ್ತವೆ. ಕೊನೆಗೆ ಉಸಿರಾಡುವ ಸ್ನಾಯುಗಳೇ ನಿಲ್ಲಬಹುದು. ಪ್ರತಿವಿಷವೆಂಬುದು ಇಲ್ಲ. ಆಸ್ಪತ್ರೆಯಲ್ಲಿ ಯಂತ್ರದ ಮೂಲಕ ಉಸಿರು ಕೊಟ್ಟು ವಿಷ ಇಳಿಯುವ ತನಕ ಕಾಯುವುದೇ ಚಿಕಿತ್ಸೆ.

ಜಪಾನಿನವರು ಇದನ್ನು ತಿನ್ನುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಇದನ್ನು ಕೊಯ್ಯುವ ಅಡುಗೆಯವರು ತರಬೇತಿ ಪಡೆದು ಪರವಾನಗಿ ಪಡೆದಿರಬೇಕು. ನಮ್ಮ ಮನೆಯ ಈಳಿಗೆಮಣೆಗೆ ಆ ಪರವಾನಗಿ ಇಲ್ಲ. 2008ರಲ್ಲಿ ಬಾಂಗ್ಲಾದೇಶದಲ್ಲಿ ಈ ಮೀನನ್ನು ತಿಂದು ಕೆಲವೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಇದು ವಿಷದ ಮೀನೆಂದು ತಿಳಿದು ಯಾರೂ ತಿನ್ನುವುದಿಲ್ಲ. ಗುರುತು ತಿಳಿಯದೆಯೇ ತಿನ್ನುವುದು.

ಗುರುತು ಎಂದೆ. ಹೆಸರು ಎನ್ನಲಿಲ್ಲ. ಅದಕ್ಕೆ ಕಾರಣವಿದೆ. ಕಾರವಾರದ ತಾರ್ಲೆ ಮಂಗಳೂರಿಗೆ ಹೋದರೆ ಬೂತಾಯಿ, ಕಾಸರಗೋಡು ಕಡೆ ಮತ್ತಿ. ನಮ್ಮ ಇಸ್ವಾಣ ದಕ್ಷಿಣ ಕನ್ನಡದಲ್ಲಿ ಅಂಜಲ್, ಮುಂಬಯಿಯಲ್ಲಿ ಸುರಮಾಯಿ. ಒಂದೇ ಮೀನಿಗೆ ಊರಿಗೊಂದು ಹೆಸರು. ಹಾಗೆಯೇ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮೀನು ಮಾರುವುದೂ ಉಂಟು. ಈ ಗೊಂದಲ ನೀಗಲೆಂದೇ ಸ್ವೀಡನ್ನಿನ ಲಿನೇಯಸ್ ಪ್ರತಿ ಜೀವಿಗೂ ಎರಡು ಪದಗಳ ಒಂದೇ ಹೆಸರಿಡುವ ಕ್ರಮ ತಂದ. 1758ರಿಂದ ಪ್ರಾಣಿಗಳ ಹೆಸರಿಗೆ ಅದೇ ಆಧಾರ. ಅಂದರೆ ಹೆಸರು ಕೇಳಿ ತಿಳಿಯುವುದು ಕೊನೆಯ ಕೆಲಸ. ಬಾಯಿ, ಹಲ್ಲು, ಮುಳ್ಳು, ರೆಕ್ಕೆ, ಬಾಲ, ಹುರುಪೆ ನೋಡುವುದು ಮೊದಲ ಕೆಲಸ. ನಮ್ಮ ಮನೆಗೆಲಸದವಳಿಗೆ ಹೆಸರು ಗೊತ್ತಿರಲಿಲ್ಲ. ಆದರೆ ಅವಳು ಹಲ್ಲು ನೋಡಿದ್ದಳು. ನಾನು ಹೆಸರು ಹುಡುಕಿದೆ, ಹಲ್ಲು ನೋಡಲಿಲ್ಲ.

ಹೀಗೆ ಕಣ್ಣಿಟ್ಟು ನೋಡಿದ ಒಬ್ಬ ಹೆಣ್ಣುಮಗಳ ಕತೆ ಪ್ರಪಂಚಕ್ಕೆಲ್ಲ ಗೊತ್ತು. ನಿಮಗೂ ಹೇಳಲೇಬೇಕು. ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಎಂಬ ಬಂದರು ಪಟ್ಟಣದಲ್ಲಿ ಒಂದು ಚಿಕ್ಕ ಮ್ಯೂಸಿಯಂ. ಅದನ್ನು ನೋಡಿಕೊಳ್ಳುತ್ತಿದ್ದವರು ಮಾರ್ಜೊರಿ ಕೋರ್ಟ್ನಿ ಲ್ಯಾಟಿಮರ್, ಆಗ 31 ವರ್ಷ. 1938ರ ಡಿಸೆಂಬರ್ 22ರಂದು ಬಂದರಿಗೆ ಬಂದ ದೋಣಿಯ ಮೀನಿನ ರಾಶಿಯಲ್ಲಿ ಅವರಿಗೆ ಒಂದು ನೀಲಿ ಈಜುರೆಕ್ಕೆ ಕಾಣಿಸಿತು. ಮೇಲಿನದನ್ನೆಲ್ಲ ಸರಿಸಿ ನೋಡಿದರೆ ಸುಮಾರು ಐದು ಅಡಿ ಉದ್ದದ ವಿಚಿತ್ರ ಮೀನು. ರೆಕ್ಕೆಗಳು ಕೈಕಾಲುಗಳಂತೆ ದಪ್ಪ. ನಾರುವ ಮೀನನ್ನು ಕಾರಿಗೆ ಹಾಕಲು ಟ್ಯಾಕ್ಸಿಯವನು ಒಪ್ಪಲಿಲ್ಲ, ಅವನ ಜೊತೆ ಜಗಳವಾಡಿ ತಂದರು. ಇಡಲು ಜಾಗ ಸಿಗಲಿಲ್ಲ. ಅವರು ಅದರ ಚಿತ್ರ ಬರೆದು, ಅಳತೆ ಬರೆದು ಮೀನು ಬಲ್ಲ ಪ್ರೊಫೆಸರ್ ಸ್ಮಿತ್ ಅವರಿಗೆ ಟಪಾಲು ಹಾಕಿದರು. ಚಿತ್ರ ನೋಡಿ ಸ್ಮಿತ್ ಬೆರಗಾದರು. ಅದು ಸೀಲಕಾಂತ್. ಆರೂವರೆ ಕೋಟಿ ವರ್ಷಗಳ ಹಿಂದೆಯೇ ಭೂಮಿಯಿಂದ ಅಳಿದುಹೋಯಿತೆಂದು ವಿಜ್ಞಾನಿಗಳೆಲ್ಲ ನಂಬಿದ್ದ ಬಳಗದ ಮೀನು! ಇಂದಿಗೂ ಅದರ ವೈಜ್ಞಾನಿಕ ಹೆಸರಿನಲ್ಲಿ ಲ್ಯಾಟಿಮರ್ ಅವರ ಹೆಸರಿದೆ.

ಕತೆಯ ಉಳಿದ ಭಾಗ ಇನ್ನೂ ಚೆನ್ನಾಗಿದೆ. ಎರಡನೆಯ ಮೀನಿಗಾಗಿ ಸ್ಮಿತ್ 14 ವರ್ಷ ಹುಡುಕಿದರು. ಚಿತ್ರವಿರುವ ಕರಪತ್ರ ಹಂಚಿ 100 ಪೌಂಡ್ ಬಹುಮಾನ ಸಾರಿದರು. 1952ರ ಡಿಸೆಂಬರ್‌ನಲ್ಲಿ ಅದು ಸಿಕ್ಕಿದ್ದು ಕೊಮೊರೊ ದ್ವೀಪಗಳಲ್ಲಿ. ಅಲ್ಲಿನ ಜನ ಮುಸ್ಲಿಮರು. ಹಿಡಿದವರು ಅಹಮದಿ ಅಬ್ದುಲ್ಲಾ ಎಂಬ ಬೆಸ್ತರು. ಪೇಟೆಯಲ್ಲಿ ಇನ್ನೇನು ತುಂಡಾಗಬೇಕಿದ್ದ ಮೀನನ್ನು ಕರಪತ್ರದ ಚಿತ್ರದೊಂದಿಗೆ ಹೋಲಿಸಿ ತಡೆದವರು ಅಫಾನೆ ಮುಹಮ್ಮದ್ ಎಂಬ ಶಾಲಾ ಮಾಸ್ತರರು. ವಿಜ್ಞಾನಿಗಳು ಸತ್ತುಹೋಗಿದೆ ಎಂದುಕೊಂಡಿದ್ದ ಆ ಮೀನಿಗೆ ದ್ವೀಪದ ಬೆಸ್ತರಲ್ಲಿ ಆಗಲೇ ಗೊಂಬೆಸ್ಸ ಎಂಬ ಹೆಸರಿತ್ತು! ಆಗೊಮ್ಮೆ ಈಗೊಮ್ಮೆ ಅವರ ಗಾಳಕ್ಕೆ ಬೀಳುತ್ತಿತ್ತು. ಓದಿದವರು ಕೇಳಿರಲಿಲ್ಲ, ಅಷ್ಟೇ. ಇದನ್ನು ಓದುವಾಗ ನನಗೆ ನಮ್ಮ ಟೆಂಪೊ ಅಜ್ಜಿಯ ಮುಖ ನೆನಪಾಯಿತು.

ಹಾಗಾದರೆ ನಮ್ಮ ಮನೆಗೆ ಗುರುತಿಲ್ಲದ ಮೀನು ಬಂದರೆ ಏನು ಮಾಡಬೇಕು? ಈಗಿನ ಹುಡುಗರು ಗಾಳ ಹಿಡಿದು ದೂರ ಸಮುದ್ರಕ್ಕೆ ಹೋಗುವುದು ಹೆಚ್ಚಾಗಿದೆ. ಆದ್ದರಿಂದ ಈ ಪ್ರಶ್ನೆ ಭಟ್ಕಳದ ಮನೆಗೂ ಬರಬಹುದು, ನಮ್ಮಂತಹ ಘಟ್ಟದ ಮೇಲಿನ ಮನೆಗೂ ಬರಬಹುದು.

ಮೊದಲು ಹಿಡಿದವರನ್ನು ವಿಚಾರಿಸಿ. ಎಲ್ಲಿ ಸಿಕ್ಕಿತು, ಬಂಡೆಯ ಬಳಿಯೋ ಮರಳಿನ ಮೇಲೋ, ಜೀವವಿದ್ದಾಗ ಬಣ್ಣ ಹೇಗಿತ್ತು, ಏನು ಮಾಡಿತು? ಸತ್ತ ಮೇಲೆ ಮೀನಿನ ಬಣ್ಣ ಬೇಗ ಮಾಸುತ್ತದೆ. ನನ್ನ ಅಕ್ಕನ ಮಗ ಆ ಮೀನು ಉಬ್ಬಿದ್ದನ್ನು ಕಣ್ಣಾರೆ ಕಂಡಿದ್ದ. ನಾನು ಕೇಳಿದ್ದರೆ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೇ ಹೇಳುತ್ತಿದ್ದ. ನಾನು ಕೇಳಲಿಲ್ಲ.

ಗುರುತು ಸಿಗುವ ತನಕ ಬರಿಗೈಯಲ್ಲಿ ಹಿಡಿಯಬೇಡಿ, ಮಕ್ಕಳಿಗೆ ಆಡಲು ಕೊಡಬೇಡಿ. ಕೆಲವು ಮೀನುಗಳ ಬೆನ್ನಿನ ಮುಳ್ಳಿನಲ್ಲಿಯೇ ವಿಷವಿರುತ್ತದೆ. ಅಂಥ ಮುಳ್ಳು ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ, ಸುಡದಂತೆ ನೋಡಿಕೊಂಡು, ಕೈಯನ್ನು ಅದ್ದಿಡಿ. ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ. ಮುಳ್ಳಿನ ವಿಷ ಬಿಸಿಗೆ ಸೋಲುತ್ತದೆ, ಉಬ್ಬುವ ಮೀನಿನ ಹೊಟ್ಟೆಯ ವಿಷ ಬಿಸಿಗೆ ಸೋಲುವುದಿಲ್ಲ. ಇವೆರಡನ್ನು ಬೆರೆಸಿ ನೆನಪಿಟ್ಟುಕೊಳ್ಳಬೇಡಿ.

ಕೊಯ್ಯುವ ಮೊದಲು ಫೋಟೊ ತೆಗೆಯಿರಿ. ಮೀನನ್ನು ಬಿಳಿ ಬಟ್ಟೆಯ ಮೇಲೆ ಮಗ್ಗುಲಾಗಿ ಮಲಗಿಸಿ, ರೆಕ್ಕೆಗಳನ್ನು ಕಡ್ಡಿಯಿಂದ ಬಿಡಿಸಿ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಡಿ. ಇಡೀ ಮೀನಿನದೊಂದು, ತಲೆ ಮತ್ತು ಹಲ್ಲಿನದೊಂದು, ಬಾಲದ್ದೊಂದು, ಹೊಟ್ಟೆಯ ಕಡೆಯದೊಂದು. ಪೆಟ್ಟಿಗೆಯಲ್ಲಿ ಎರಡು ಬಗೆಯ ಮೀನಿದ್ದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಮೊಬೈಲಿನ ಉತ್ತರವನ್ನು ಒಂದು ಸುಳಿವು ಎಂದು ಮಾತ್ರ ತಿಳಿಯಿರಿ, ತೀರ್ಪು ಎಂದಲ್ಲ. ಎರಡು ಸಲ ಕೇಳಿದರೆ ಎರಡು ಉತ್ತರ ಕೊಡುವವನ ಸಾಕ್ಷಿಯನ್ನು ಯಾವ ಕಾಜಿಯೂ ಒಪ್ಪುವುದಿಲ್ಲ!

ಆ ಮೇಲೆ ಬಲ್ಲವರ ಬಳಿ ಹೋಗಿ. ನಿತ್ಯ ಮೀನು ಕೊಯ್ಯುವ, ಮಾರುವ ಹೆಂಗಸರು ಮೊದಲ ಗುರುಗಳು. ಅವರೂ ಕಂಡಿಲ್ಲವೆಂದರೆ ಕಲಿತವರಿದ್ದಾರೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಆರಂಭವಾದ ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಗಳು ನಮ್ಮ ಕರಾವಳಿಯಲ್ಲಿವೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ. ಅಕ್ಕಪಕ್ಕದ ಯಾವ ಹುಡುಗನೋ ಹುಡುಗಿಯೋ ಅಲ್ಲಿ ಓದುತ್ತಿದ್ದರೆ ಫೋಟೊ ಕಳಿಸಿ ಕೇಳಲು ಸಂಕೋಚವೇಕೆ?

ಯಾರಿಂದಲೂ ಗುರುತು ಸಿಗದಿದ್ದರೆ? ತಿನ್ನಬೇಡಿ. ಬೆಕ್ಕು ನಾಯಿಗಳಿಗೂ ಸಿಗದಂತೆ ಹೂತುಬಿಡಿ. ಅಕಸ್ಮಾತ್ ಯಾರಾದರೂ ತಿಂದು ತುಟಿ ಜುಮ್ಮೆನ್ನುತ್ತಿದೆ ಎಂದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಮೀನನ್ನೋ ಅದರ ಫೋಟೊವನ್ನೋ ಜೊತೆಗೆ ಒಯ್ಯಿರಿ.

"ಸಮುದ್ರದ್ದು ಹಲಾಲ್ ಅಲ್ಲವೇ, ಮತ್ತೇಕೆ ಇಷ್ಟು ಭಯ?" ಎಂದು ಹುಡುಗ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಅವನ ತಂದೆಯ ಮನೆಯವರು ಶಾಫಿಈ, ನಾವು ಹನಫಿ. ಏಡಿಯ ವಿಷಯದಲ್ಲಿ ನಮ್ಮಿಬ್ಬರ ಊಟದ ತಟ್ಟೆಗಳೇ ಬೇರೆ. ಮೀನಿನ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಸಹಾಬಿಗಳ ಕಾಲದಲ್ಲಿಯೇ ಇಂಥ ಒಂದು ಸಂದರ್ಭ ಬಂದಿತ್ತು. ಅಬೂ ಉಬೈದಾ(ರ)ರ ನೇತೃತ್ವದಲ್ಲಿ ಕಡಲ ತೀರಕ್ಕೆ ಹೋದ 300 ಜನರ ತಂಡಕ್ಕೆ ಆಹಾರ ಮುಗಿದು, ದಿನಕ್ಕೊಂದು ಖರ್ಜೂರ, ಆಮೇಲೆ ಮರದ ಎಲೆ ತಿನ್ನುವ ಸ್ಥಿತಿ ಬಂತು. ಆಗ ದಿಬ್ಬದಷ್ಟು ದೊಡ್ಡ ಕಡಲ ಜೀವಿಯೊಂದು ದಡದಲ್ಲಿ ಬಿದ್ದಿರುವುದು ಕಂಡಿತು. ಅಷ್ಟು ಹಸಿವಿನಲ್ಲಿಯೂ ಅಬೂ ಉಬೈದಾ(ರ) ಮೊದಲು ತಡೆದರು, ಯೋಚಿಸಿದರು, ಆಮೇಲೆ ಅನುಮತಿ ಕೊಟ್ಟರು. ಮದೀನಕ್ಕೆ ಮರಳಿದ ಮೇಲೆ ಪ್ರವಾದಿ(ಸ)ಯವರಲ್ಲಿ ವಿಚಾರಿಸಿದರು. ಅದು ಅಲ್ಲಾಹನು ಕೊಟ್ಟ ಅನ್ನವೆಂದು ಅವರು ಹೇಳಿ, ಉಳಿದದ್ದರಲ್ಲಿ ಸ್ವಲ್ಪ ತರಿಸಿ ತಾವೂ ತಿಂದರು. ತಿನ್ನುವ ಮೊದಲು ಒಂದು ತಡೆ, ಆಮೇಲೆ ಒಂದು ಪ್ರಶ್ನೆ. ಅವರಿಗೆ ಇದ್ದ ಹಸಿವು ನಮಗಿರಲಿಲ್ಲ, ಅವರು ತೋರಿದ ಎಚ್ಚರವೂ ನಮ್ಮಲ್ಲಿರಲಿಲ್ಲ.

ಹಲಾಲ್ ಎನ್ನುವುದು ಒಂದು ಪ್ರಶ್ನೆಗೆ ಉತ್ತರ. ಮೈಗೆ ಆಗುತ್ತದೆಯೇ ಎನ್ನುವುದು ಇನ್ನೊಂದು ಪ್ರಶ್ನೆ. ಜೀವಕ್ಕೆ ಕೇಡು ತರುವುದನ್ನು ತಿನ್ನಬಾರದು ಎಂಬುದರಲ್ಲಿ ಎಲ್ಲ ವಿದ್ವಾಂಸರೂ ಒಂದೇ. ಇಮಾಮ್ ಮಾಲಿಕ್ ಅವರು ತಮಗೆ ಬಂದ ಪ್ರಶ್ನೆಗಳಲ್ಲಿ ಎಷ್ಟೋ ಪ್ರಶ್ನೆಗಳಿಗೆ 'ನನಗೆ ಗೊತ್ತಿಲ್ಲ' ಎನ್ನುತ್ತಿದ್ದರೆಂದು ಮದ್ರಸದಲ್ಲಿ ಓದಿದ್ದೆ. ಪರೀಕ್ಷೆಗೆ ಓದಿದ್ದೆ, ಅಡುಗೆಮನೆಯವರೆಗೆ ಅದನ್ನು ತಂದಿರಲಿಲ್ಲ. 'ನನ್ನ ಅಮ್ಮ ಮಾಡಿದ್ದಲ್ಲ' ಎಂದ ನನ್ನ ಅಮ್ಮಿ ಹೇಳಿದ್ದು ಅದೇ ಮಾತು. ಗೊತ್ತಿಲ್ಲ ಎಂಬುದನ್ನು ಅವರು ತಮ್ಮದೇ ರೀತಿಯಲ್ಲಿ ಹೇಳಿದ್ದರು.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಬೇರೆ. ನಾಲ್ಕರಲ್ಲಿ ನಾನು ಕೊಟ್ಟದ್ದು ಯಾವುದನ್ನು? ನಾವು ತಿನ್ನಲು ಹಿಂಜರಿದದ್ದನ್ನು. ಕೊಟ್ಟದ್ದು ಯಾರಿಗೆ? ಬೇಡ ಎನ್ನಲಾಗದವಳಿಗೆ. ನಾವು ಕಣ್ಣು ಮುಚ್ಚಿಕೊಂಡಲ್ಲದೆ ಸ್ವೀಕರಿಸದಂತಹ ವಸ್ತುವನ್ನು ದಾನಕ್ಕೆ ಆರಿಸಬಾರದೆಂದು ಕುರ್‌ಆನ್ ಕಲಿಸುತ್ತದೆ. ಆ ಪಾಠವನ್ನು ನಾನು ವರ್ಷ ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಳಸಿದ ಅನ್ನ, ಹರಿದ ಬಟ್ಟೆ, ಅವಧಿ ಮುಗಿದ ಔಷಧಿ, ಗುರುತಿಲ್ಲದ ಮೀನು. ಇವನ್ನು ಕೊಡುವಾಗ ನಮ್ಮ ಕೈ ಎಷ್ಟು ಉದಾರವಾಗುತ್ತದೆ ನೋಡಿ! ಅವಳ ಮೂವರು ಮಕ್ಕಳು ಅವತ್ತು ರಾತ್ರಿ ಏನು ಉಂಡರು ಎಂದು ಕೇಳುತ್ತೀರಾ? ಟೆಂಪೊದಿಂದ ಒಂದು ಕಿಲೋ ಬಂಗುಡೆ ತೂಗಿಸಿದೆ. ಅರ್ಧ ನಮಗೆ, ಅರ್ಧ ಅವರಿಗೆ. ಅಜ್ಜಿಯೇ ಎರಡೂ ಪಾಲನ್ನು ಕೊಯ್ದುಕೊಟ್ಟರು.

ಮೂರು ಕಾರ್ಗಿಲ್ ಮೀನುಗಳನ್ನು ಅಜ್ಜಿ ಹೇಳಿಕೊಟ್ಟಂತೆ ಚರ್ಮ ಸುಲಿದು, ಹೊಟ್ಟೆಯ ಭಾಗವನ್ನೆಲ್ಲ ತೆಗೆದು ಮಾಡಿದೆ. ಹುಡುಗ ಚಪ್ಪರಿಸಿ ತಿಂದ, ನಮ್ಮವರೂ ತಿಂದರು. ಅಮ್ಮಿ ಮುಟ್ಟಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಅವನು ಮತ್ತೆ ದುಬೈಗೆ ಹೋಗಿದ್ದಾನೆ. ಶುಕ್ರವಾರಗಳಲ್ಲಿ ಈಗಲೂ ಗಾಳ ಹಾಕುತ್ತಾನೆ. ಹಿಡಿದ ಮೀನನ್ನು ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಹಲ್ಲು ಕಾಣುವಂತೆ ಫೋಟೊ ತೆಗೆದು ನನಗೆ ಕಳಿಸುತ್ತಾನೆ. "ಖಾಲಾ, ಇದು ಯಾವುದು?" ಎಂಬ ಪ್ರಶ್ನೆ ಅದರ ಕೆಳಗಿರುತ್ತದೆ. ಅಂಗಳದ ಮೂಲೆಯಲ್ಲಿ ನಿಂತು ನಾನು ಹೆಚ್ಚಾಗಿ ಒಂದೇ ಉತ್ತರ ಬರೆಯುತ್ತೇನೆ: "ನನಗೆ ಗೊತ್ತಿಲ್ಲ ಮಗಾ. ಮಂಗಳವಾರ ಟೆಂಪೊ ಬರುತ್ತದೆ, ಅಜ್ಜಿಯನ್ನು ಕೇಳಿ ಹೇಳುತ್ತೇನೆ. ಅಲ್ಲಿಯ ತನಕ ತಿನ್ನಬೇಡ."